‘ಬಂದ’ ಎಂಬ ಕೆಂಪು ಗುಂಡಿ

ಇಚಲಕರಂಜಿಯ ಕಾಜಲ ತಾನು ಮಾಡಿದ ಮೊದಲ ಮೊಬೈಲ್ ಆಟವನ್ನು ಮಾರಾಟಕ್ಕೆ ಬಿಟ್ಟು ಕೆಲವು ವಾರಗಳಾಗಿದ್ದವು. ಹಲಕರ್ಣಿಯಿಂದ ಸೋದರತ್ತೆ ತಂಗೆವ್ವ ಫೋನು ಮಾಡಿದಳು.

“ಏ ಕಾಜಲ, ನಿನ್ನ ಮಗ್ಗದ ಆಟ ಇಲ್ಲಿ ಎಲ್ಲಾರ ಮೊಬೈಲಿನ್ಯಾಗ ಐತೆಲ್ಲಾ! ಡೇರಿ ಮುಂದ ಕ್ಯಾನ್ ಇಟ್ಟು ನಿಂತವ್ರೂ ಅದನ್ನ ಒತ್ತಾಕತ್ಯಾರ. ಭಾಳ ಹೆಸರ ಮಾಡಿದಿ ಬಿಡವಾ!”

ಕಾಜಲ ಕುರ್ಚಿಯಿಂದ ಎದ್ದೇಬಿಟ್ಟಳು. ಮಾರಾಟದ ಪುಟ ತೆರೆದು ನೋಡಿದರೆ ಕೊಂಡವರು ಬೆರಳೆಣಿಕೆಯ ಜನ, ಎಲ್ಲರೂ ಪರಿಚಯದವರು. ಹಾಗಾದರೆ ಹಲಕರ್ಣಿಯಲ್ಲಿ ಓಡಾಡುತ್ತಿರುವುದು ಕದ್ದ ಪ್ರತಿ. ಆದರೂ ಅವಳಿಗೆ ಮೊದಲು ಬಂದದ್ದು ಸಂತೋಷವೇ. ಮುಖ ನೋಡದ ಜನ ತನ್ನ ಆಟ ಆಡುತ್ತಿದ್ದಾರೆ! ಸಿಟ್ಟು ಬಂದದ್ದು ಮರುದಿನ, ಗಡಹಿಂಗ್ಲಜದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ಮೇಲೆ.

ಕದ್ದ ಆಟ ಅವಳಿಗೆ ಹೊಸದಾಗಿರಲಿಲ್ಲ. ಅಪ್ಪ ಮಗ್ಗ ರಿಪೇರಿ ಮಾಡುವವನು. ಕೊಲ್ಹಾಪುರದಿಂದ ಹಳೆಯ ಕಂಪ್ಯೂಟರೊಂದನ್ನು ತಂದುಕೊಟ್ಟಿದ್ದ. ಅದರಲ್ಲಿ ಅವಳು ಆಡಿದ ಆಟಗಳೆಲ್ಲ ನಕಲು ಸಿಡಿಯವು. ಅಸಲಿ ಆಟ ಮಾರುವ ಅಂಗಡಿ ಊರಲ್ಲಿರಲಿಲ್ಲ, ನೆಟ್‌ನಲ್ಲಿ ಕೊಳ್ಳಲು ಮನೆಯಲ್ಲಿ ಕಾರ್ಡಿರಲಿಲ್ಲ. ಆ ನಕಲುಗಳನ್ನು ಆಡಿ ಆಡಿಯೇ ಆಟದ ಒಡಲು ಹೇಗೆ ಕೆಲಸ ಮಾಡುತ್ತದೆಂದು ತಿಳಿದುಕೊಂಡಳು. ಈಗ ಹಗಲು ಜವಳಿ ಕಾರ್ಖಾನೆಯೊಂದರಲ್ಲಿ ಸೀರೆಯಂಚಿನ ಡಿಸೈನು ಬಿಡಿಸುತ್ತಾಳೆ, ಸಂಜೆ ಆಟ ಕಟ್ಟುತ್ತಾಳೆ. ಈ ಆಟ ಓಡಿದರೆ ನೌಕರಿ ಬಿಟ್ಟು ಎರಡನೆಯದಕ್ಕೆ ಕೈ ಹಚ್ಚುವುದು, ಓಡದಿದ್ದರೆ ಮತ್ತೆ ಆ ಮಾತೆತ್ತದಿರುವುದು. ಮನೆಯವರ ಮುಂದೆ ಈ ಕರಾರು ಹಾಕಿಕೊಂಡವಳು ಅವಳೇ.

ಊರವರೆಲ್ಲ ಆಟ ಹಾಕಿಸಿಕೊಂಡದ್ದು ಅಲ್ಲಿಯೇ ಎಂದು ತಂಗೆವ್ವ ಹೇಳಿದ್ದ ಮೊಬೈಲ್ ಅಂಗಡಿ ಗಡಹಿಂಗ್ಲಜದ ಬಸ್ ಸ್ಟ್ಯಾಂಡಿನ ಹತ್ತಿರವೇ ಇತ್ತು. ಮಾಲೀಕ ಜಿನಪಾಲ, ಮೂವತ್ತರ ಆಸುಪಾಸಿನವನು, ಬಿಚ್ಚಿದ ಫೋನಿನ ಮೇಲೆ ಬಾಗಿ ಕೂತಿದ್ದ.

“ಮಗ್ಗದ ಆಟ ಹಾಕ್ತೀರೇನ್ರಿ?”

“ಹಾಕ್ತೇವ್ರಿ ಅಕ್ಕಾರ. ಯಾವ ಫೋನ್ ಇದ್ರೂ ನಡೀತೈತಿ. ದೂರದ ಕೋವಾಡದಿಂದನೂ ಬಂದ ಹಾಕಿಸ್ಕೊಂಡ ಹೋಗ್ಯಾರ!”

“ಅದನ್ನ ಮಾಡಿದಾಕಿ ನಾನ.”

ಜಿನಪಾಲನ ಕೈಯಿಂದ ಸ್ಕ್ರೂಡ್ರೈವರ್ ಜಾರಿತು. ಓಡಿಹೋಗುತ್ತಾನೇನೋ ಎಂದುಕೊಂಡಳು ಕಾಜಲ. ಅವನು ಎದ್ದವನೇ ಸ್ಟೂಲು ಒರೆಸಿ ಮುಂದಿಟ್ಟ.

“ಕೂಡ್ರಿ, ಕೂಡ್ರಿ! ಎಲ್ಲಿದ್ರಿ ಇಷ್ಟ ದಿನ? ನಾ ನಿಮ್ಮನ್ನ ಹುಡಕಾಕತ್ತಿದ್ದೆ.”

“ಕದಿಯೂಕಿಂತ ಮೊದಲ ಹುಡಕಬೇಕಿತ್ತ.”

“ಕದ್ದೇನಿ, ಖರೆ. ಆದ್ರ ಕೇಳ್ರಿ. ಇಲ್ಲಿ ಮಂದಿ ಫೋನೆಲ್ಲಾ ಹಳೇವು. ನಿಮ್ಮ ಆಟ ತಗೊಳ್ಳಾಕ ಹೋದ್ರ ‘ಈ ಫೋನಿಗೆ ಆಗೂದಿಲ್ಲ’ ಅಂತ ಬಾಗಲಾ ಹಾಕತೈತಿ. ನಾ ಚಿತ್ರ ಹಗೂರ ಮಾಡಿ ಆ ಬಾಗಲಾ ಕಿತ್ತೇನಿ.”

“ಹೊಸಾ ಫೋನಿನವ್ರಿಗೂ ಫುಕಟ ಕೊಟ್ಟೀರೆಲ್ಲಾ, ಅವರಿಗೇನ ಬಾಗಲಾ ಹಾಕಿತ್ತ?”

ಜಿನಪಾಲ ಕಿವಿ ಕೆರೆದುಕೊಂಡ. “ಅದ ಮಾತ್ರ ಬರೇ ಕಳವ ರೀ.”

ಕಾಜಲ ಆ ಪ್ರತಿಯನ್ನು ತೆರೆಸಿ ನೋಡಿದಳು. ಕೊಂಡಿದ್ದಾರೋ ಇಲ್ಲವೋ ಎಂಬ ತಪಾಸಣೆ ಮೊದಲ ಪುಟದಲ್ಲಿತ್ತು. ಅದನ್ನು ಕೀಳುವಾಗ ಅವಳ ಹೆಸರು, ಫೋನ್ ನಂಬರು ಎರಡೂ ಹೋಗಿದ್ದವು. ಉಳಿದದ್ದೆಲ್ಲ ಹಾಗೇ ಇತ್ತು. ಮಗ್ಗ ಓಡುತ್ತಿರುತ್ತದೆ, ಎಳೆ ಹರಿದ ಕೂಡಲೇ ಕೆಂಪು ಗುಂಡಿ ಒತ್ತಿ ನಿಲ್ಲಿಸಿ, ಗಂಟು ಹಾಕಿ, ಹಸಿರು ಗುಂಡಿಯಿಂದ ಮತ್ತೆ ಓಡಿಸಬೇಕು. ಮೂರನೆಯ ಹಂತದಿಂದ ಮಗ್ಗದ ಮಾಲೀಕ ಶೇಠ, ತಲೆಯ ಮೇಲೆ ಹೆಸರಿನ ಪಟ್ಟಿಯೊಂದಿಗೆ, ತಪಾಸಣೆಗೆ ಬರುತ್ತಾನೆ. ಅವನ ಎದುರಿಗೆ ಮಗ್ಗ ನಿಂತರೆ ಆಟ ಮುಗಿಯಿತು.

“ಒಂದ ಕೇಳೂದೈತ್ರಿ,” ಎಂದ ಜಿನಪಾಲ. “ಮೂರನೇದ್ರಾಗ ಎಲ್ಲಾರೂ ಸಾಯಾಕತ್ಯಾರ. ಕೆಂಪ ಗುಂಡಿ ಮ್ಯಾಲೆ ‘ಬಂದ’ ಅಂತ ಯಾಕ ಬರದೀರಿ? ಎಳಿ ಹರದ್ರ ಮಂದಿ ಆ ಗುಂಡಿ ನೋಡ್ತಾರ, ‘ಅಯ್ಯೋ, ಶೇಠ ಬಂದ!’ ಅಂತ ಕೈ ಹಿಂದ ತಗೀತಾರ. ಅರಿವಿ ಹಾಳಾಗತೈತಿ.”

ಕಾಜಲ ಗುಂಡಿಯನ್ನೇ ನೋಡಿದಳು. ಅವಳ ಶಾಲೆಯೆಲ್ಲ ಮರಾಠಿಯಲ್ಲಿ, ಕನ್ನಡ ಮನೆಯಲ್ಲಿ. ನಿಲ್ಲಿಸು ಎಂಬರ್ಥದ ಮರಾಠಿಯ ‘ಬಂದ’ವನ್ನು ಹಾಗೆಯೇ ಕನ್ನಡ ಅಕ್ಷರದಲ್ಲಿ ಬರೆದಿದ್ದಳು. ‘ಬಂದ್’ ಆಗಬೇಕಾದದ್ದು ಶೇಠನ ಆಗಮನದ ಸುದ್ದಿಯಾಗಿತ್ತು. ನಗು ತಡೆಯಲಾಗಲಿಲ್ಲ, ನಗುತ್ತಲೇ ಗದರಿದಳು:

“ಇಷ್ಟ ಮಂದಿ ಆಡ್ಯಾರ, ಒಬ್ಬರೂ ನನಗ ಹೇಳಲಿಲ್ಲಲ್ರಿ!”

“ಯಾರಿಗಿ ಹೇಳಬೇಕು? ಹೆಸರ ಎಲ್ಲೈತಿ ಅದರಾಗ?” ಎಂದ ಜಿನಪಾಲ. ಹೆಸರು ಕಿತ್ತವನು ತಾನೇ ಎಂಬುದು ಆಮೇಲೆ ಹೊಳೆದು ಅವನ ಮುಖ ಇಳಿಯಿತು. “ತಪ್ಪಾತ್ರಿ ಅದು. ಬಾಗಲಾ ಕೀಳೂ ಹೊತ್ತಿನ್ಯಾಗ ಮನಿ ಹೆಸರಿನ ಪಾಟೀನೂ ಕಿತ್ತೆ.”

ಕಾಜಲ ಲ್ಯಾಪ್‌ಟಾಪ್ ತೆರೆದಳು. ಆಗಲೇ ಇಬ್ಬರ ನಡುವೆ ಒಪ್ಪಂದವಾಯಿತು: ಹಳೆಯ ಫೋನಿಗೂ ಆಗುವ ಹಗುರ ಪ್ರತಿ, ಮೊದಲ ಪುಟದಲ್ಲಿ ಅವಳ ಹೆಸರು, ಒಂದು ಚಹಾದ ಬೆಲೆಗೆ ಇದೇ ಅಂಗಡಿಯಲ್ಲಿ ಮಾರಾಟ; ಫುಕಟ ಕೊಡುವುದು ಬಂದ್. ಚಿತ್ರ ಹಗುರ ಮಾಡಿದ ಬಗೆಯನ್ನು ಜಿನಪಾಲ ತೋರಿಸುತ್ತಿದ್ದರೆ ಅವಳ ಬೆರಳು ಕೀಲಿಗಳ ಮೇಲೆ ಓಡುತ್ತಿತ್ತು. ಆದರೆ ಒಂದು ಪ್ರಶ್ನೆ ಉಳಿದೇ ಇತ್ತು. ಬಾಗಿಲು ತೆರೆದರೆ ಜನ ರೊಕ್ಕ ಕೊಟ್ಟು ಅದರಿಂದ ಬರುತ್ತಾರೆಯೇ, ಅಥವಾ ಬಾಗಿಲಿನ ಮಾತು ಬರೀ ನೆಪವೇ?

ಪ್ರತಿ ಸಿದ್ಧವಾಗುವ ಹೊತ್ತಿಗೆ ಎದುರಿನ ಬಳೆ ಅಂಗಡಿಯ ಪಾರುಬಾಯಿ ಫೋನು ಹಿಡಿದು ಬಂದಳು.

“ಜಿನಪಾಲ, ನಿನ್ನ ಆಟದಾಗ ದೆವ್ವ ಹೊಕ್ಕೈತಿ ನೋಡಪಾ. ಮುಂದ ಹೋಗವಲ್ದು.”

“ಹೊಸಾದು ಬಂದೈತಿ ಅವ್ವಾ. ರೊಕ್ಕ ಕೊಡಬೇಕು.”

“ನಿನ್ನೆ ತನಕಾ ಫುಕಟ ಇದ್ದದ್ದಕ್ಕ?”

ಜಿನಪಾಲ ಬಾಯಿ ತೆರೆದ. ಕಾಜಲ ಕೈಸನ್ನೆಯಿಂದ ತಡೆದಳು. “ಬ್ಯಾಡಂದ್ರ ಹಳೇದ ಇಟಗೋರಿ ಅವ್ವಾ. ಹೊಸಾದರಾಗ ಮೂರನೇದು ದಾಟತೈತಿ.”

ಪಾರುಬಾಯಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. “ನೀ ಯಾರವ್ವಾ?”

“ಆಟ ಮಾಡಿದಾಕಿ.”

“ಹೌದ? ಹಂಗಾರ ತಗೋ.” ಮುದುಕಿ ಸೆರಗಿನ ಗಂಟು ಬಿಚ್ಚಿ ನೋಟು ಮುಂದಿಟ್ಟಳು. “ರೊಕ್ಕ ಕೊಟ್ಟೇನಿ, ಈಗ ಬೈತೇನಿ. ಅಕ್ಷರ ಇರುವಿ ಅಷ್ಟ ಅದಾವು. ಮತ್ತ ಆ ಶೇಠನ ಹೆಸರ ತಗದ ಒಗಿ!”

“ಯಾಕ್ರಿ, ಆ ಹೆಸರಿಗೇನಾಗೈತಿ?”

ಪಾರುಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ಅದನ್ನ ನಾ ಹೆಂಗ ಹೇಳ್ಲಿ?”

ಜಿನಪಾಲ ಬಿದ್ದು ಬಿದ್ದು ನಕ್ಕ. “ಶಂಕರಲಿಂಗ ರೀ! ಅವರ ಯಜಮಾನ್ರದೂ ಅದ ಹೆಸರ. ಓದೂ ಹಂಗಿಲ್ಲ, ಬೈಯೂ ಹಂಗಿಲ್ಲ!”

“ಬದಲಸ್ತೇನಿ ಅವ್ವಾ, ಈಗ ಬದಲಸ್ತೇನಿ! ಏನ ಇಡೂಣು?”

“ನಮ್ಮ ಅಳಿಯಂದ ಇಡು,” ಎಂದಳು ಪಾರುಬಾಯಿ, ಸ್ಟೂಲು ಎಳೆದುಕೊಂಡು ಕೂಡುತ್ತ. “ಅವಗ ಎಷ್ಟ ಬೈದ್ರೂ ನಡೀತೈತಿ.”