ಬೂದಿ ಹಚ್ಚಿದ ಎಳೆ

ಗಜೇಂದ್ರಗಡದಲ್ಲಿ ನಾವು ಆಯಿ ಎನ್ನುತ್ತಿದ್ದ ನೆರೆಮನೆಯ ಮುದುಕಿ, ಮಗ್ಗದಲ್ಲಿ ಎಳೆ ಹರಿದಾಗಲೆಲ್ಲ ಬೆರಳಿಗೆ ಬೂದಿ ಹಚ್ಚಿಕೊಂಡು ತುದಿಗಳನ್ನು ಹೊಸೆದು, “ಕೂಡ್ತೈತಿ ಬಿಡ” ಅನ್ನುತ್ತಿದ್ದಳು. ಸಕ್ಕರೆ ಕಾಯಿಲೆಯಿಂದ ಕಾಲಿನ ಹುಣ್ಣು ಮಾಯದಿದ್ದಾಗ ಅದಕ್ಕೂ ಅದೇ ಬೂದಿ, ಅದೇ ಮಾತು.

ನಾನು ಕೆಲಸ ಮಾಡುತ್ತಿದ್ದ ಧಾರವಾಡದ ಪ್ರಯೋಗಾಲಯದಲ್ಲಿ, ಬ್ಯಾಕ್ಟೀರಿಯಾದೊಳಗೆ ತಯಾರಿಸಿದ ಮನುಷ್ಯರ ಪ್ರೋಟೀನೊಂದಿತ್ತು. ಬೆಳೆಯಿರಿ ಎಂದು ಕೋಶಗಳಿಗೆ ಸಂದೇಶ ಕೊಡುವಂಥದ್ದು. ತಟ್ಟೆಯಲ್ಲಿ ಬೆಳೆಸಿದ ಚರ್ಮದ ಕೋಶಗಳ ನಡುವೆ ಗೀರೆಳೆದು ಅದನ್ನು ಹಾಕಿದರೆ ಗೀರು ಮುಚ್ಚಿಕೊಳ್ಳುತ್ತಿತ್ತು. ಊರಿಗೆ ಹೋದಾಗ ಇದನ್ನು ಹೇಳಿದರೆ ಆಯಿ ಕೇಳಿದಳು: “ನನಗೊಂದೀಟ ತಂದ ಕೊಡ್ತೀಯೇನವಾ?”

“ಅದು ಬರೇ ಪ್ರಯೋಗಕ್ಕ, ಆಯಿ. ಮನಷ್ಯಾರಿಗೆ ಹಚ್ಚೂ ಹಂಗಿಲ್ಲ.”

“ಮನಷ್ಯಾರದ್ದ ಅಂದಿಯಲ್ಲಾ?”

ಹುಣ್ಣು ಮಾಯದೆ ಆಯಿಯ ಕಾಲು ಕತ್ತರಿಸಿ ತೆಗೆದ ಮೇಲೆ ದವಾಖಾನೆಗೆ ಹೋದೆ. ಅವಳ ಕೈಯ ಪಕ್ಕದಲ್ಲೇ ಹೊದಿಕೆಯ ಅಂಚಿನ ಎಳೆಯೊಂದು ಹರಿದು ಜೋತಾಡುತ್ತಿತ್ತು. ಆಯಿ ಅದನ್ನು ಬಹಳ ಹೊತ್ತು ನೋಡಿದಳು. ಮುಟ್ಟಲಿಲ್ಲ.