ಟ್ಯಾಂಕಿನ ಬಾಯಲ್ಲಿ ಕಂಡ ಚಪ್ಪಲಿ

ದೆವ್ವ, ಶಕುನ, ಪವಾಡ ಎನ್ನುವವರನ್ನು ನಾನು ಸುಮ್ಮನೆ ಬಿಟ್ಟವನಲ್ಲ. ಎಲೆಕ್ಟ್ರಿಷಿಯನ್‌ಗೆ ಕರೆಂಟು ಇರುತ್ತದೆ ಇಲ್ಲವೇ ಇರುವುದಿಲ್ಲ, ನಡುವೆ ಏನೂ ಇಲ್ಲ ಎಂದು ಹಂಗಿಸುತ್ತಿದ್ದೆ. ನಾಲ್ಕು ವರ್ಷದ ಹಿಂದೆ ಒಂದು ಮಧ್ಯಾಹ್ನ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಬ್ಯಾಡಗಿ ಹತ್ತಿರ ಮೆಣಸಿನಕಾಯಿಯಿಂದ ಬಣ್ಣ ತೆಗೆಯುವ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದೆ. ವರ್ಷಕ್ಕೊಮ್ಮೆ ಎಂಟು ದಿನ ಶಟ್‌ಡೌನ್. ಎಲ್ಲ ನಿಲ್ಲಿಸಿ, ದೊಡ್ಡ ಟ್ಯಾಂಕಿನೊಳಗೆ ಆಳು ಇಳಿಸಿ ತೊಳೆಸುತ್ತಿದ್ದರು. ಇಳಿಯುವವನು ಮೊದಲು, ಟ್ಯಾಂಕಿನೊಳಗಿನ ಅಲಗುಗಳನ್ನು ತಿರುಗಿಸುವ ಮೋಟಾರಿನ ಸ್ವಿಚ್ಚಿಗೆ ತನ್ನ ಬೀಗ ಹಾಕಿ ಕೀಲಿ ಜೇಬಿಗಿಟ್ಟುಕೊಳ್ಳಬೇಕೆಂಬ ನಿಯಮ ಗೋಡೆಯ ಮೇಲೆ ದೊಡ್ಡದಾಗಿ ಬರೆದಿತ್ತು. ಬೀಗಗಳು ಮಾತ್ರ ಇರಲಿಲ್ಲ! ಕೇಳಿದಾಗಲೆಲ್ಲ "ಮುಂದಿನ ಸಲ ನೋಡೋಣು" ಎನ್ನುತ್ತಿದ್ದರು. ಒಳಗಿನ ಕೆಸರು ರಾಡಿಯಲ್ಲಿ ಕಾಲು ಜಾರುತ್ತದೆಂದು ಆಳುಗಳು ಚಪ್ಪಲಿಯನ್ನು ಟ್ಯಾಂಕಿನ ಬಾಯಲ್ಲೇ ಬಿಟ್ಟು ಇಳಿಯುತ್ತಿದ್ದರು. ಅದೇ ನಮ್ಮ ಗುರುತು. ಚಪ್ಪಲಿ ಇದ್ದರೆ ಒಳಗೆ ಆಳು ಇದ್ದಾನೆ, ಇಲ್ಲದಿದ್ದರೆ ಟ್ಯಾಂಕು ಖಾಲಿ. ಆ ಹೊಣೆಗೇಡಿ ಪದ್ಧತಿಗೆ ನಾನೂ ತಲೆಯಾಡಿಸಿದ್ದೆ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಕೊನೆಯ ದಿನ ಸಂಜೆ ಮಾಲಕರು ಬರುವವರಿದ್ದರು. ಅಷ್ಟರಲ್ಲಿ ಎಲ್ಲ ಚಾಲೂ ಆಗಬೇಕೆಂದು ಮ್ಯಾನೇಜರ್‌ಗೆ ಅವಸರ.

"ಒಳಗ ಯಾರೂ ಇಲ್ಲ, ಒತ್ತೋ ಲಗೂ!" ಎಂದ.

ಸ್ವಿಚ್ಚಿನ ಮೇಲೆ ಕೈಯಿಟ್ಟು ಟ್ಯಾಂಕಿನತ್ತ ನೋಡಿದೆ. ಬಾಯಿಯ ಪಕ್ಕದಲ್ಲಿ ಒಂದು ಜೊತೆ ಹಳೆಯ ಚರ್ಮದ ಚಪ್ಪಲಿ. ಎಡಗಾಲಿನದಕ್ಕೆ ಹೆಬ್ಬೆರಳು ತೂರಿಸುವ ಹೊಸ ಉಂಗುಟ ಹೊಲಿಸಿದ್ದರು. ಅಷ್ಟು ಸ್ಪಷ್ಟವಾಗಿ ಕಂಡಿತು.

"ಚಪ್ಪಲಿ ಅದಾವ್ರಿ ಸರ್."

"ಎಲ್ಲಿ ಅದಾವ? ಒತ್ತಲಿಲ್ಲಂದ್ರ ನಾಳಿಂದ ಬರಬ್ಯಾಡ!"

ನಾನು ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡು ಏಣಿ ಹತ್ತಿದೆ. ಮೇಲೆ ಚಪ್ಪಲಿ ಇರಲಿಲ್ಲ. ಬಗ್ಗಿ ನೋಡಿದರೆ, ಕಬ್ಬಿಣದ ಅಲಗುಗಳ ಕೆಳಗೆ ಗುತ್ತಿಗೆ ಆಳು ಕುಪ್ಪೇಲೂರಿನ ನಿಂಗಪ್ಪ ಕುಕ್ಕರಗಾಲಲ್ಲಿ ಕೂತು ತಳ ಕೆರೆಯುತ್ತಿದ್ದ. ನಾನು ಒತ್ತಿದ್ದರೆ ತಿರುಗುತ್ತಿದ್ದುದು ಅವೇ ಅಲಗುಗಳು.

"ಇನ್ನೊಂದೀಟ ಉಳದೈತ್ರೀ ಅಣ್ಣಾರ," ಎಂದ.

ಹೊರಗೆಳೆದು, ಚಪ್ಪಲಿ ಎಲ್ಲಿಟ್ಟೆ ಎಂದು ಕೂಗಾಡಿದೆ. ಅವನು ಕಕ್ಕಾಬಿಕ್ಕಿಯಾದ.

"ನನಗೆಲ್ಲೀ ಚಪ್ಪಲಿರೀ? ಹೇಣ್ತಿಗೆ ಆರಾಮ ಆಗೂತನಕ ಮೆಟ್ಟಂಗಿಲ್ಲಂತ ದೇವರಗುಡ್ಡದ ಮೈಲಾರಪ್ಪಗ ಬೇಡ್ಕೊಂಡೇನ್ರಿ. ವರ್ಷಾತು."

ನಮ್ಮ ಗುರುತಿನ ಪ್ರಕಾರ ಟ್ಯಾಂಕು ಖಾಲಿಯೇ ಇತ್ತು. ಬರಿಗಾಲಿನವನು ನಮಗೆ ಮನುಷ್ಯನೇ ಅಲ್ಲ! ಅಲ್ಲಿದ್ದ ಪ್ರತಿಯೊಬ್ಬನ ಕಾಲನ್ನೂ ನೋಡಿದೆ. ಅಂಥ ಚಪ್ಪಲಿ ಯಾರ ಬಳಿಯೂ ಇರಲಿಲ್ಲ. ನನ್ನ ಹೊರತು ಯಾರೂ ಅದನ್ನು ನೋಡಿರಲಿಲ್ಲ.

ಮರುದಿನ ಮ್ಯಾನೇಜರ್ ಟ್ಯಾಂಕಿಗೆ ಕಾಯಿ ಒಡೆಸಿ ಪೇಢೆ ಹಂಚಿದ. ಬೀಗದ ಮಾತೆತ್ತಿದೆ. "ದೇವ್ರು ಕಾಯ್ದಾನಲ್ಲ, ಮತ್ತೇನ ಬೇಕು ನಿನಗ?" ಎಂದ. ಪೇಢೆಯನ್ನು ಅವನ ಮೇಜಿನ ಮೇಲೇ ಇಟ್ಟು ಕೆಲಸ ಬಿಟ್ಟುಬಂದೆ.

ಆ ಚಪ್ಪಲಿ ಯಾರದು, ನನಗೊಬ್ಬನಿಗೇ ಏಕೆ ಕಂಡಿತು, ಇವತ್ತಿಗೂ ತಿಳಿಯದು. ನಿಂಗಪ್ಪ ಈ ವರ್ಷವೂ ಆ ಟ್ಯಾಂಕಿಗೇ ಇಳಿದಿದ್ದಾನಂತೆ. ಬೀಗ ಇನ್ನೂ ಬಂದಿಲ್ಲ. ಸ್ವಿಚ್ಚಿನ ಮುಂದೆ ಈಗ ನಿಂತಿರುವವನಿಗೆ ಏನು ಕಾಣುತ್ತದೋ ನಾನರಿಯೆ.