ಮಾವನ ವಿಮಾನ ಇಳಿಯಬೇಕಿದ್ದ ಹೊತ್ತು

ಫೆಬ್ರವರಿ 16, ಭಾನುವಾರ, ಬೆಳಗಿನ ಜಾವ ನಾಲ್ಕೂವರೆ. ಬೆಂಗಳೂರಿನಿಂದ ಮಾವನ ವಿಮಾನ ಹೊರಟ ಹೊತ್ತು. ಶಿವಾರಪಟ್ಟಣದ ಅವರ ಮನೆಯಲ್ಲಿ ಅತ್ತೆ ಆಗಲೇ ಎದ್ದು ಕೂತಿದ್ದರು. ಅವರ ಜೊತೆಗಿದ್ದ ನಾನು ದಿನಚರಿಯಲ್ಲಿ ಸಮಯ ಬರೆದುಕೊಂಡೆ.

ಮಾವ ಕಲ್ಲು ಕೆತ್ತುವವರು. ಅವರು ಕೆತ್ತಿದ ಗಣಪತಿ ಜೋಹಾನ್ಸ್‌ಬರ್ಗ್‌ನ ಒಂದು ದೇವಸ್ಥಾನಕ್ಕೆ ಹಡಗಿನಲ್ಲಿ ಮೊದಲೇ ಹೋಗಿತ್ತು. ಆದರೆ ವಿಗ್ರಹದ ಕಣ್ಣು ತೆರೆಯುವುದು ಪ್ರತಿಷ್ಠೆಯ ದಿನವೇ. ಕೆತ್ತಿದವರೇ ಬಂದು ಉಳಿ ಹಿಡಿಯಬೇಕೆಂದು ದೇವಸ್ಥಾನದವರು ಟಿಕೆಟ್ ಕಳಿಸಿದ್ದರು. ಮುಹೂರ್ತ ಸೋಮವಾರ ಬೆಳಿಗ್ಗೆ. ಮಾವ ಅಲ್ಲಿಯವರೆಗೆ ವಿಮಾನ ಹತ್ತಿದವರಲ್ಲ.

ಟಿಕೆಟ್ ಮಾವನ ಫೋನಿನಲ್ಲಿತ್ತು. ನಾನು ಅದನ್ನು ನೋಡಿರಲಿಲ್ಲ. ಎರಡು ಊರಿನ ಹೆಸರು ಹಾಕಿದರೆ ದೂರ ಹೇಳುವ ವೆಬ್‌ಪುಟವೊಂದನ್ನು ತೆರೆದೆ. ಸುಮಾರು 6,900 ಕಿಲೋಮೀಟರ್, ಎಂಟೂವರೆ ಗಂಟೆ ಪ್ರಯಾಣ ಎಂದಿತು. ನಕ್ಷೆಯ ಮೇಲೆ ಒಂದು ಕೆಂಪು ಗೆರೆ ಮೂಡಿತು. ಕೆಮ್ಮಣ್ಣಿನಲ್ಲಿ ಅದ್ದಿದ ನೂಲನ್ನು ಮಾವ ಕಲ್ಲಿನ ಮೇಲೆ ಬಿಗಿಯಾಗಿ ಹಿಡಿದು ಮೀಟಿದರೆ ಬೀಳುವ ಗೆರೆಯ ಹಾಗೆ.

“ಒಂದು ಗಂಟೆಗೆಲ್ಲ ಇಳೀತಾರೆ ಅತ್ತೆ” ಎಂದೆ.

ಒಂದಾಯಿತು, ಎರಡಾಯಿತು. ಫೋನು ಬರಲಿಲ್ಲ. ನಾವು ಮಾಡಿದರೆ ಸ್ವಿಚ್ ಆಫ್. ಅತ್ತೆಯ ತಟ್ಟೆಯಲ್ಲಿ ಮುದ್ದೆ ಆರಿ ಗಟ್ಟಿಯಾಯಿತು.

“ಒಂದು ಗಂಟೆ ಅಂದ್ಯಲ್ಲೇ? ಈಗ ನಾಲ್ಕು. ನಿನ್ ಲೆಕ್ಕ ಎಲ್ಲಿ ಇಳೀತು?”

ಜಗಲಿಯಿಂದ ಮಾವನ ಅಪ್ಪ, ತಾತ, ಕೂಗಿದರು: “ನಮ್ಮೂರ ಬಸ್ಸೇ ಮಾಲೂರಿಗೆ ನೇರ ಹೋಗಲ್ಲ, ಇನ್ನು ವಿಮಾನ ಹೋಗ್ತದಾ? ಉಣ್ಣಮ್ಮ ನೀನು.”

“ನಿಮಗೇನು, ನಿಮ್ದು ಊಟ ಆಯ್ತು” ಎಂದು ಅತ್ತೆ ರೇಗಿದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, “ದೇವರ ಕಣ್ಣು ಹಾಗಿರ್ಲಿ ಕಣೇ, ಇವ್ರು ಎಲ್ಲಿದ್ದಾರೆ ಅಂತ ಗೊತ್ತಾದ್ರೆ ಸಾಕು” ಎಂದರು. ನಾನು ಪುಟವನ್ನು ಮತ್ತೆ ತೆರೆದೆ. ಅದು ಮತ್ತೆ ಎಂಟೂವರೆ ಗಂಟೆ ಎಂದಿತು.

ರಾತ್ರಿ ಎಂಟೂಮುಕ್ಕಾಲಿಗೆ ಗೊತ್ತಿಲ್ಲದ ನಂಬರಿನಿಂದ ಫೋನು.

“ಊಟ ಆಯ್ತೇನೇ?” ಮಾವನ ದನಿ.

“ಎಲ್ಲಿ ಹಾಳಾಗ್ಹೋಗಿದ್ರಿ!” ಅತ್ತೆ ಅಳುತ್ತಲೇ ಬೈದರು.

“ದುಬೈಲಿ ಇಳಿಸಿ ಬೇರೆ ವಿಮಾನ ಹತ್ತಿಸಿದ್ರು ಕಣೇ. ಮೂರು ಗಂಟೆ ಕೂತಿದ್ದೆ. ನಮ್ಮ ಸಿಮ್ಮು ಅಲ್ಲಿ ಕೆಲಸ ಮಾಡಲ್ಲ. ಇದು ದೇವಸ್ಥಾನದವರ ಫೋನು.”

“ಉಳಿ?”

“ಬ್ಯಾಗಲ್ಲಿ ಬಂತು. ನನಗಿಂತ ಮುಂಚೆ ಬಂದು ಬೆಲ್ಟ್ ಮೇಲೆ ಸುತ್ತು ಹೊಡೀತಿತ್ತು.”

ಅತ್ತೆ ನಕ್ಕರು. ಸಾರು ಬಿಸಿ ಮಾಡಿ, ಹೊಸದಾಗಿ ಮುದ್ದೆ ಕಟ್ಟಿ ಉಂಡರು. ತಾತ ಎರಡನೇ ಸಲ ಉಂಡರು.

ಮಲಗುವ ಮುಂಚೆ ಲೆಕ್ಕ ತಿದ್ದಿದೆ. ದುಬೈ ಸುತ್ತಿಕೊಂಡು ಹೋದರೆ ಒಂಬತ್ತು ಸಾವಿರ ಕಿಲೋಮೀಟರ್ ದಾಟುತ್ತದೆ. ಕಾದದ್ದೂ ಸೇರಿ ಹದಿನೈದೂವರೆ ಗಂಟೆ. ಪುಟ ಹೇಳಿದ್ದು ಗೆರೆಯ ಉದ್ದ, ಮಾವ ಹೋದದ್ದು ದಾರಿ.

ಸೋಮವಾರ ಗಣಪತಿ ಕಣ್ಣು ತೆರೆದ. ಗುರುವಾರ ಮಾವ ಅದೇ ದಾರಿಯಲ್ಲಿ ವಾಪಸ್ ಹೊರಡುತ್ತಾರೆ. ಆ ಕಡೆ ಹೋಗಿಬಂದವರು ಯಾರಾದರೂ ಇದನ್ನು ಓದಿದರೆ, ನಡುವೆ ಇಳಿದಾಗ ಮನೆಗೆ ಒಂದು ಮಾತು ಮುಟ್ಟಿಸುವುದು ಹೇಗೆಂದು ದಯವಿಟ್ಟು ಬರೆದು ತಿಳಿಸಿ. ಅತ್ತೆಗೆ ಓದಿ ಹೇಳಬೇಕು.